ಉತ್ಸವ ಮೂರ್ತಿಗೆ ಅಲಂಕಾರ, ಮೂಲ ವಿಗ್ರಹಕ್ಕೆ ಎಣ್ಣೆ ಇಲ್ಲ

ನಮ್ಮ ದೇವಸ್ಥಾನಗಳಲ್ಲಿ ಒಬ್ಬನೇ ದೇವರಿಗೆ ಎರಡು ಮೂರ್ತಿ. ಗರ್ಭಗುಡಿಯ ಕತ್ತಲಲ್ಲಿ ಕದಲದೆ ಕೂತಿರುವುದು ಮೂಲ ವಿಗ್ರಹ, ಹಬ್ಬದ ದಿನ ಪಲ್ಲಕ್ಕಿ ಏರಿ ಬೀದಿ ಸುತ್ತುವುದು ಉತ್ಸವ ಮೂರ್ತಿ. ಬೆಂಗಳೂರಿನ 125 ಸಿಸಿ ಸ್ಕೂಟರಿನದೂ ಇದೇ ಪದ್ಧತಿ. ನಂಬರ್ ಪ್ಲೇಟು, ಹೆಲ್ಮೆಟ್ಟು, ಎಮಿಷನ್ ಚೀಟಿ ಇವೆಲ್ಲ ಉತ್ಸವ ಮೂರ್ತಿ. ಬ್ರೇಕ್ ಶೂ, ಬೆಲ್ಟು, ಟೈರು, ಹ್ಯಾಂಡಲ್ ಬುಡದ ಬೇರಿಂಗಾದ ಕೋನ್‌ಸೆಟ್ಟು ಮೂಲ ವಿಗ್ರಹ. 2022ರ ಡಿಸೆಂಬರ್‌ನಲ್ಲಿ ನಗರದ 50 ಜಂಕ್ಷನ್‌ಗಳಲ್ಲಿ ಸಂಚಾರ ನಿಯಮ ಮುರಿದವರನ್ನು ಹಿಡಿಯುವ ಹೊಸ ಕ್ಯಾಮೆರಾಗಳು ಕಣ್ಣು ಬಿಟ್ಟ ಮೇಲಂತೂ ಪೂಜೆಯೆಲ್ಲ ಉತ್ಸವ ಮೂರ್ತಿಗೇ. ಕ್ಯಾಮೆರಾ ಏನನ್ನು ನೋಡುತ್ತದೋ ಅದನ್ನು ತೊಳೆದು ಒರೆಸಿ ಇಡುತ್ತೇವೆ. ನೋಡದಿದ್ದದ್ದನ್ನು ದೇವರೇ ನೋಡಿಕೊಳ್ಳಬೇಕು.

ಮೊದಲು ಪ್ಲೇಟು. ಇಡೀ ಗಾಡಿಯ ಮೇಲೆ ಸರ್ಕಾರಕ್ಕೆ ಇರುವ ಕಾಳಜಿಯೆಲ್ಲ ಈ ತಗಡಿನ ಮೇಲೆ ಒಟ್ಟಾಗಿ ಬಂದು ಕೂತಿದೆ. ಎಚ್‌ಎಸ್‌ಆರ್‌ಪಿ ಎಂಬ ಅತಿ ಸುರಕ್ಷಿತ ನಂಬರ್ ಪ್ಲೇಟಿನಲ್ಲಿ ಹಿಂದಿನದು 200 ಮಿ.ಮೀ. ಉದ್ದ, 100 ಮಿ.ಮೀ. ಅಗಲ; ಮುಂದಿನದು 285ಕ್ಕೆ 45. ಅಲ್ಯೂಮಿನಿಯಂ ತಗಡು, ಎಡಗಡೆ 20 ಮಿ.ಮೀ. ಚೌಕದಲ್ಲಿ ಅಶೋಕ ಚಕ್ರದ ಹಾಲೊಗ್ರಾಂ, ಕೆಳಗೆ ಲೇಸರಿನಲ್ಲಿ ಕೊರೆದ ಗುರುತಿನ ಸಂಖ್ಯೆ, ಒಮ್ಮೆ ಒತ್ತಿ ಕೂರಿಸಿದರೆ ಮುರಿಯದ ಹೊರತು ಬಿಚ್ಚಲಾಗದ ಸ್ನ್ಯಾಪ್ ಲಾಕ್. ಇಷ್ಟೆಲ್ಲ ಭದ್ರತೆಯ ತಗಡನ್ನು ಕೂರಿಸುವುದು ಎಲ್ಲಿಗೆ? ಐದು ವರ್ಷ ಬಿಸಿಲು ತಿಂದು ಹಪ್ಪಳವಾದ ಹಿಂದಿನ ಪ್ಲಾಸ್ಟಿಕ್ ಮಡ್‌ಗಾರ್ಡಿಗೆ. ಲಾಕ್ ಗಟ್ಟಿ, ಪ್ಲೇಟು ಗಟ್ಟಿ, ನಡುವಿನ ಪ್ಲಾಸ್ಟಿಕ್ಕು ಮಾತ್ರ ಬೋಲ್ಟಿನ ತೂತಿನಿಂದಲೇ ಸೀಳುತ್ತಾ ಬರುತ್ತದೆ. ಒಂದು ದಿನ ಹಂಪ್ ಹಾರುವಾಗ ಲಾಕೂ ಮುರಿಯದೆ, ಪ್ಲೇಟೂ ಬಾಗದೆ, ಮಡ್‌ಗಾರ್ಡಿನ ತುಂಡಿನ ಸಮೇತ ರಸ್ತೆಗೆ ಬೀಳುತ್ತದೆ. ಕಳ್ಳ ಬಿಚ್ಚಲಾಗದ್ದನ್ನು ರಸ್ತೆ ಬಿಚ್ಚಿ ಕೊಡುತ್ತದೆ. ಪ್ಲೇಟಿನ ಹಿಂದೆ ಒಂದು ಫ್ರೇಮು, ಎರಡು ರಬ್ಬರ್ ವಾಷರ್ ಹಾಕಿಸಿಕೊಂಡರೆ ಅಲುಗಾಟ ಕಮ್ಮಿಯಾಗಿ ತೂತು ಸೀಳುವುದು ನಿಲ್ಲುತ್ತದೆ. ಆದರೆ ವಾಷರಿಗೆ ಹಾಲೊಗ್ರಾಂ ಇಲ್ಲವಲ್ಲ, ಅದನ್ನು ಕೇಳುವವರು ಯಾರು?

2019ರ ಏಪ್ರಿಲ್ 1ಕ್ಕಿಂತ ಮೊದಲಿನ ಗಾಡಿಗಳಿಗೆ ಈ ಪ್ಲೇಟು ಹಾಕಿಸಲು ರಾಜ್ಯದಲ್ಲಿ ಮೊದಲು ಕೊಟ್ಟ ಗಡುವು 2023ರ ನವೆಂಬರ್ 17. ಅದು ಫೆಬ್ರವರಿಗೆ ಹೋಯಿತು, ಫೆಬ್ರವರಿ ಮೇ ತಿಂಗಳಿಗೆ ಹೋಯಿತು, ಆಮೇಲೆ ಗಡುವುಗಳು ಸಂಕ್ರಾಂತಿ ಯುಗಾದಿಯ ಹಾಗೆ ಬಂದು ಹೋಗತೊಡಗಿದವು. ಮೊದಲ ವಾರ ಓಡಿ ಹೋಗಿ ಹಾಕಿಸಿಕೊಂಡವರು ಇವತ್ತಿಗೂ ಬೀದಿಯಲ್ಲಿ ನಗೆಪಾಟಲು.

ಎರಡನೆಯದು ಹೆಲ್ಮೆಟ್. ಇದರ ಹಿಂದಿನ ಲೆಕ್ಕ ಒಂದನೇ ಕ್ಲಾಸಿನ ಮಕ್ಕಳಿಗೂ ಬರುತ್ತದೆ. ತಲೆ ಬೋಳಾಗಿದ್ದರೆ ದಂಡ 500 ರೂಪಾಯಿ, ಫುಟ್‌ಪಾತಿನ ಟೋಪಿ ಅದರ ಅರ್ಧಕ್ಕಿಂತ ಕಮ್ಮಿ. ಹೀಗಾಗಿ ಜನ ಕೊಳ್ಳುತ್ತಿರುವುದು ದಂಡದಿಂದ ರಕ್ಷಣೆ. ತಲೆಗೆ ಸಿಕ್ಕರೆ ಅದು ಬೋನಸ್ಸು. ಐಎಸ್ 4151 ಎಂಬ ಮಾನಕಕ್ಕೆ ತಕ್ಕ ಹೆಲ್ಮೆಟ್ಟಿನ ಒಳಗೆ ಗಟ್ಟಿ ಥರ್ಮಾಕೋಲಿನ ದಪ್ಪ ಪದರ ಇರುತ್ತದೆ. ಬಿದ್ದಾಗ ಏಟು ತಿಂದು ಅಪ್ಪಚ್ಚಿಯಾಗುವುದು ಅದರ ಕೆಲಸ. ಫುಟ್‌ಪಾತಿನ ಅರ್ಧ ಹೆಲ್ಮೆಟ್ಟಿನೊಳಗೆ ಬೆರಳು ಒತ್ತಿ ನೋಡಿ, ಪಾತ್ರೆ ತೊಳೆಯುವ ಸ್ಪಂಜು ಸಿಗುತ್ತದೆ. ಐಎಸ್‌ಐ ಸ್ಟಿಕರ್ ಮಾತ್ರ ಅಸಲಿಗಿಂತ ದೊಡ್ಡದು, ಬಿಡಿಯಾಗಿಯೂ ಸಿಗುತ್ತದೆ. ಇನ್ನು ನಿಜವಾದ ಹೆಲ್ಮೆಟ್ ಕೊಂಡವರೂ ಕಮ್ಮಿಯಿಲ್ಲ: ಗಾಡಿ ನಿಲ್ಲಿಸಿ ಅದನ್ನು ಕನ್ನಡಿಗೆ ಸಿಕ್ಕಿಸುತ್ತಾರೆ. ಕನ್ನಡಿಯ ತುದಿ ಥರ್ಮಾಕೋಲಿಗೆ ದಿನಾ ಒಂದೊಂದು ಗುಳಿ ತೋಡುತ್ತದೆ. ಪಟ್ಟಿ ಹಾಕದೆ ಇಟ್ಟುಕೊಂಡವರ ಹೆಲ್ಮೆಟ್ಟು ಬೀಳುವಾಗ ಸವಾರನಿಗಿಂತ ಮುಂಚೆ ಹಾರಿ ಹೋಗಿ ತಾನೊಂದು ಸುರಕ್ಷಿತವಾಗಿ ಚರಂಡಿ ಸೇರುತ್ತದೆ. ಹಿಂದೆ ಕೂತವರಿಗೂ ಹೆಲ್ಮೆಟ್ ಕಡ್ಡಾಯವಾದದ್ದು 2016ರ ಜನವರಿಯಲ್ಲಿ. ಅಂದಿನಿಂದ ಎಷ್ಟೋ ಹೆಲ್ಮೆಟ್ಟುಗಳು ಹಿಂದೆ ಕೂತವರ ಮೊಣಕೈಯನ್ನು ನಿಷ್ಠೆಯಿಂದ ಕಾಪಾಡುತ್ತಾ ಬಂದಿವೆ. ಸಿಗ್ನಲ್ ಹತ್ತಿರವಾದಾಗಷ್ಟೇ ತಲೆಗೆ ಬಡ್ತಿ.

ಎಮಿಷನ್ ಟೆಸ್ಟಿನ ಬಗ್ಗೆ ಜಾಸ್ತಿ ಹೇಳುವಂಥದ್ದಿಲ್ಲ. ಎಂಜಿನ್ ಬಿಸಿಯಾಗಿರಬೇಕು, ಐಡ್ಲಿಂಗಿನಲ್ಲಿ ಓಡುತ್ತಿರಬೇಕು, ಕೊಳವೆಯನ್ನು ಸೈಲೆನ್ಸರಿನೊಳಗೆ ಆಳಕ್ಕೆ ತೂರಿಸಬೇಕು, ಹೊಗೆಯ ಕಾರ್ಬನ್ ಮಾನಾಕ್ಸೈಡನ್ನೂ ಹೈಡ್ರೊಕಾರ್ಬನ್ನನ್ನೂ ಅಳೆಯಬೇಕು, ಪ್ಲೇಟು ಕಾಣುವ ಹಾಗೆ ಫೋಟೊ ತೆಗೆಯಬೇಕು. ಕಟ್ಟುನಿಟ್ಟಾಗಿ ನಡೆಯುವುದು ಕೊನೆಯದು.

"ಸಾರ್, ಗಾಡಿ ಎಲ್ಲಿ?"

"ಮನೇಲಿದೆಯಪ್ಪಾ."

"ಪರ್ವಾಗಿಲ್ಲ, ಫೋಟೊ ಇದ್ರೆ ವಾಟ್ಸಾಪ್ ಮಾಡಿ."

ಇಷ್ಟು ಶುದ್ಧ ಗಾಳಿ ಬಿಡುವ ಗಾಡಿ ಜಗತ್ತಿನಲ್ಲಿ ಇನ್ನೊಂದಿಲ್ಲ. ಸ್ಟಾರ್ಟೇ ಆಗಿಲ್ಲವಲ್ಲ!

ಈ ಅಲಂಕಾರ ಶುರುವಾಗುವುದು ಷೋರೂಮಿನಲ್ಲೇ. 50 ಸಾವಿರದಿಂದ ಒಂದು ಲಕ್ಷದವರೆಗಿನ ಗಾಡಿಗೆ ನಮ್ಮ ರಾಜ್ಯದ ಆಜೀವ ತೆರಿಗೆ ಶೇ 12, ಲಕ್ಷ ದಾಟಿದರೆ ಶೇ 18, ಅದರ ಮೇಲೆ ಸೆಸ್ಸು. ಆಜೀವ ಅಂದರೆ ಯಾರ ಜೀವ ಎಂದು ರಸೀದಿಯಲ್ಲಿ ಬರೆದಿರುವುದಿಲ್ಲ. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿಯಿತಲ್ಲ, ಆ ಉಳಿತಾಯ ಸೀದಾ ‘ಎಕ್ಸ್‌ಟ್ರಾ ಫಿಟ್ಟಿಂಗ್’ ಖಾತೆಗೆ. ಸುತ್ತ ಸ್ಟೀಲ್ ಗಾರ್ಡ್, ಕಾಲಡಿಗೆ ಮ್ಯಾಟ್, ಸೀಟಿನ ಮೇಲೆ ಸೀಟ್ ಕವರ್, ಟೆಫ್ಲಾನ್ ಕೋಟಿಂಗ್. ಸ್ಟೀಲ್ ಗಾರ್ಡಿನ ಮಹಿಮೆ ಹಾಕಿಸಿದ ಆರು ತಿಂಗಳಿಗೆ ಗೊತ್ತಾಗುತ್ತದೆ. ಕಿಲೋಗಟ್ಟಲೆ ಭಾರ ಹೊತ್ತು ಮೈಲೇಜು ಇಳಿಯುತ್ತದೆ. ಗಾಡಿ ನಿಂತಲ್ಲೇ ವಾಲಿ ಬಿದ್ದರೆ ಪೇಂಟ್ ಉಳಿಯುತ್ತದೆ, ನಿಜ. ಓಡುವಾಗ ಬಿದ್ದರೆ ಪೈಪು ಒಳಕ್ಕೆ ಬಾಗಿ ಪ್ಯಾನೆಲ್ಲಿಗೇ ತಿವಿಯುತ್ತದೆ. ಮುಂದೆ ಯಾವುದೇ ಕೆಲಸಕ್ಕೆ ಪ್ಯಾನೆಲ್ ಬಿಚ್ಚಬೇಕಾದರೆ ಮೊದಲು ತುಕ್ಕು ಹಿಡಿದ ಗಾರ್ಡ್ ಬೋಲ್ಟಿನ ಜೊತೆ ಅರ್ಧ ಗಂಟೆ ಕುಸ್ತಿ. ಅದಕ್ಕೇ ಮೆಕ್ಯಾನಿಕ್ ಬಿಚ್ಚುವುದೇ ಇಲ್ಲ.

ಬಿಚ್ಚದೇ ಇರುವುದು ಎಂದಾಗ ಗರ್ಭಗುಡಿ ನೆನಪಾಯಿತು.

ಸ್ಕೂಟರಿಗೆ ಎಣ್ಣೆ ಎರಡು ಕಡೆ. ಎಂಜಿನ್ ಆಯಿಲ್ ಮುಕ್ಕಾಲು ಲೀಟರಿನ ಆಸುಪಾಸು. ಹಿಂದಿನ ಚಕ್ರದ ಗೇರ್‌ಬಾಕ್ಸಿಗೆ ನೂರು ಮಿ.ಲೀ. ಚಿಲ್ಲರೆ. ಮೊದಲನೆಯದರ ಡಬ್ಬಿ ಮೇಲೆ ಎಣ್ಣೆಯ ಮಂದ ಹೇಳುವ 10ಡಬ್ಲ್ಯು-30 ಅನ್ನುವುದರ ಜೊತೆ, ಜಪಾನಿನ ಮಾನಕವಾದ ‘ಜಾಸೊ ಎಂಬಿ’ ಎಂದಿರಬೇಕು. ‘ಎಂಎ’ ಎಂದಿದ್ದರೆ ಅದು ಬೈಕಿನದು. ಬೈಕಿನ ಕ್ಲಚ್ಚು ಎಣ್ಣೆಯೊಳಗೇ ಮುಳುಗಿರುವುದರಿಂದ ಜಾರದಂಥ ಎಣ್ಣೆ ಅದಕ್ಕೆ ಬೇಕು. ಸ್ಕೂಟರಿನ ಕ್ಲಚ್ಚು ಒಣಗಿನದು, ಆದ್ದರಿಂದ ಒಳಗಿನ ತಿಕ್ಕಾಟ ಕಮ್ಮಿ ಮಾಡುವ ಎಂಬಿ ಎಣ್ಣೆ. ಗಲ್ಲಿ ಗ್ಯಾರೇಜಿನಲ್ಲಿ ಎರಡಕ್ಕೂ ಒಂದೇ ಡ್ರಮ್ಮು, 20ಡಬ್ಲ್ಯು-40, ತೀರ್ಥದ ಹಾಗೆ ಬಂದವರಿಗೆಲ್ಲ. ಗೇರ್ ಆಯಿಲ್ ವಿಷಯ ಎತ್ತಿದರೆ "ಸ್ಕೂಟಿಗೆಲ್ಲಿ ಸಾರ್ ಗೇರು?" ಎಂಬ ತತ್ವಶಾಸ್ತ್ರದ ಪ್ರಶ್ನೆ ಬರುತ್ತದೆ.

ಏರ್ ಫಿಲ್ಟರಿಗೆ ಬೇರೆಯೇ ಹಣೆಬರಹ. ಈಗಿನ ಬಹುಪಾಲು ಸ್ಕೂಟರುಗಳಲ್ಲಿರುವುದು ಎಣ್ಣೆ ಸವರಿದ ಕಾಗದದ ಫಿಲ್ಟರು, ಧೂಳು ಅಂಟಿ ಹಿಡಿಯಲೆಂದೇ ಆ ಜಿಡ್ಡು. ಅದನ್ನು ತೊಳೆಯುವಂತಿಲ್ಲ, ಗಾಳಿ ಹೊಡೆಯುವಂತಿಲ್ಲ, ಕಿಲೋಮೀಟರ್ ಮುಗಿದಾಗ ಬದಲಿಸಬೇಕು ಅಷ್ಟೇ. ಜನರಲ್ ಸರ್ವಿಸ್ ಎಂದರೇನು ಎಂದು ಕೇಳಿ: "ವಾಟರ್ ವಾಶ್ ಮಾಡಿ, ಆಯಿಲ್ ಹಾಕಿ, ಫಿಲ್ಟರ್‌ಗೆ ಏರ್ ಹೊಡ್ದಿದೀವಿ ಸಾರ್." ಗಾಳಿಯ ಒತ್ತಡಕ್ಕೆ ಜಿಡ್ಡೂ ಹೋಯಿತು, ಕಾಗದವೂ ಸೀಳಿತು. ಮೆಟ್ರೊ ಕಾಮಗಾರಿಯ ಧೂಳಿಗೆ ಇನ್ನು ಮೇಲೆ ಸಿಲಿಂಡರಿಗೆ ಉಚಿತ ಪ್ರವೇಶ.

ಡ್ರೈವ್ ಬೆಲ್ಟ್ ಇರುವುದು ಎಡಗಡೆಯ ಕವರಿನೊಳಗೆ. ಅದನ್ನು ಕಂಡವರು ಕಮ್ಮಿ, ನಂಬಿ ಬದುಕುವವರೇ ಹೆಚ್ಚು. ಇಪ್ಪತ್ತು ಸಾವಿರ ಕಿಲೋಮೀಟರ್ ದಾಟಿದ ಮೇಲೆ ಕವರ್ ತೆಗೆಸಿ ಹಲ್ಲುಗಳ ಬುಡದಲ್ಲಿ ಬಿರುಕು ಇದೆಯೇ, ಪಕ್ಕಗಳು ಸವೆದು ಬೆಲ್ಟು ಸಣ್ಣಗಾಗಿದೆಯೇ ನೋಡಿಸಬೇಕು. ಜೊತೆಗೆ ಬೆಲ್ಟನ್ನು ತಿರುಗಿಸುವ ವೇರಿಯೇಟರಿನೊಳಗಿನ ರೋಲರುಗಳನ್ನೂ. ದುಂಡಗಿರಬೇಕಾದ ಅವು ಒಂದು ಕಡೆ ಚಪ್ಪಟೆಯಾಗಿದ್ದರೆ ಗಾಡಿ ಎಳೆಯುವಾಗ ಬಿಕ್ಕುತ್ತದೆ. ಯಾವುದನ್ನೂ ನೋಡಿಸದವರಿಗೆ ಹೆಬ್ಬಾಳದ ಫ್ಲೈಓವರ್ ಏರುವಾಗ ದರ್ಶನವಾಗುತ್ತದೆ: ಆಕ್ಸಿಲರೇಟರ್ ತಿರುಗಿಸಿದಷ್ಟೂ ಎಂಜಿನ್ ಕೂಗುತ್ತದೆ, ಗಾಡಿ ಕದಲುವುದಿಲ್ಲ. ಸರ್ಕಾರಿ ಕಚೇರಿಯ ಅನುಭವ ಇದ್ದವರಿಗೆ ಇದು ಹೊಸದೇನಲ್ಲ.

ಬ್ರೇಕಿನ ಮುಂದೆ ಮಂಡಿಯೂರಿ ಕೂತರೆ ಒಂದು ಚಂದದ ವಸ್ತು ಕಾಣುತ್ತದೆ. ಡ್ರಮ್ ಬ್ರೇಕಿನ ತೋಳಿನ ಬುಡದಲ್ಲಿ, ಬೆರಳ ಉಗುರಿನಷ್ಟು ಪುಟ್ಟ ಬಾಣ. ಅದರೆದುರು ಒಂದು ಗುರುತು. ಬ್ರೇಕನ್ನು ಪೂರ್ತಿ ಒತ್ತಿ ಹಿಡಿದಾಗ ಬಾಣ ಗುರುತನ್ನು ಮುಟ್ಟಿದರೆ ಶೂ ಮುಗಿದಿದೆ ಎಂದರ್ಥ. ಕ್ಯಾಮೆರಾ ಬೇಡ, ಸರ್ವರ್ ಬೇಡ, ಎಸ್‌ಎಂಎಸ್ ಬೇಡ, ಲೋಹದ ಒಂದು ಚೂರು ಸುಳ್ಳು ಹೇಳದೆ ತೋರಿಸುತ್ತದೆ. ಸಮಸ್ಯೆ ಇಷ್ಟೇ, ಅದರ ಮೇಲೆ ಅರ್ಧ ಇಂಚು ಕೆಸರು. ಬ್ರೇಕ್ ಸಡಿಲ ಎಂದರೆ ಹಿಂದಿನ ನಟ್ ಎರಡು ಸುತ್ತು ಬಿಗಿ ಮಾಡಿ ಕಳಿಸುತ್ತಾರೆ. ಎರಡು ಸುತ್ತಿನಂತೆ ನಟ್ ಮುಂದೆ ಹೋಗಿ ಹೋಗಿ ಒಂದು ದಿನ ದಾರವೇ ಮುಗಿಯುತ್ತದೆ, ಶೂ ಅದಕ್ಕೂ ಮೊದಲೇ ಮುಗಿದಿರುತ್ತದೆ. ಚಕ್ರ ಜಾಮಾಗದಂತೆ ತಡೆಯುವ ಎಬಿಎಸ್ ಇಲ್ಲದ 125 ಸಿಸಿವರೆಗಿನ ಎಲ್ಲ ಹೊಸ ಗಾಡಿಗೂ 2019ರ ಏಪ್ರಿಲ್‌ನಿಂದ ಸಿಬಿಎಸ್, ಅಂದರೆ ಎರಡೂ ಚಕ್ರದ ಬ್ರೇಕಿನ ಜೋಡಣೆ, ಕಡ್ಡಾಯವಾಯಿತು; ಎಡಗೈ ಬ್ರೇಕ್ ಒತ್ತಿದರೆ ಮುಂದಿನ ಚಕ್ರಕ್ಕೂ ಪಾಲು ಹೋಗಬೇಕು. ಹಿಂದಿನದನ್ನಷ್ಟೇ ಬಿಗಿ ಮಾಡಿ ಮುಂದಿನ ಕೇಬಲ್ಲನ್ನು ಮರೆತರೆ ಪಾಲು ಹೋಗುವುದಿಲ್ಲ. ಸಿಬಿಎಸ್ ಎಂಬ ಸ್ಟಿಕರ್ ಮಾತ್ರ ಮುಂದೆ ಹೊಳೆಯುತ್ತಿರುತ್ತದೆ.

ಟೈರಿನದು ಇನ್ನೊಂದು ಕಥೆ. ಗಾಳಿಯ ಒತ್ತಡ ಮುಂದೆ 22 ಪಿಎಸ್‌ಐ, ಒಬ್ಬರೇ ಹೋಗುವಾಗ ಹಿಂದೆ 29, ಇಬ್ಬರಾದರೆ 36: ಬಹಳಷ್ಟು ಸ್ಕೂಟರುಗಳ ಮೈಮೇಲೇ ಹೀಗೆ ಅಂಟಿಸಿ ಕಳಿಸಿರುತ್ತಾರೆ, ಸೀಟ್ ಕವರ್ ಅಥವಾ ಗಾರ್ಡ್ ಅದನ್ನು ಮುಚ್ಚುತ್ತದೆ. ಬಂಕಿನಲ್ಲಿ "ಎಷ್ಟಣ್ಣಾ?" ಎಂದು ಕೇಳುವ ಹುಡುಗನಿಗೆ ಎಲ್ಲರೂ ಹೇಳುವ ಉತ್ತರ "ಮೂವತ್ತು ನಲವತ್ತು ಹೊಡಿ." ಮೂವತ್ತು ತುಂಬಿದ ಮುಂದಿನ ಚಕ್ರ ಮಳೆಯ ರಸ್ತೆಯಲ್ಲಿ ಬಳಿದ ಬಿಳಿ ಪಟ್ಟೆ ಕಂಡರೆ ಜಾರುಬಂಡೆ ಆಡುತ್ತದೆ. ಹಿಂದಿನ ಟೈರ್ ಬದಲಿಸಲು ಅನೇಕ ಗಾಡಿಗಳಲ್ಲಿ ಸೈಲೆನ್ಸರ್ ಬಿಚ್ಚಬೇಕು, ಪಂಕ್ಚರ್ ಅಂಗಡಿಯವನಿಗೆ ಅದು ಬೇಡ. ಹಾಗಾಗಿ ತೂತಿಗೆ ತುರುಕುವ ಒಂದು ಸ್ಟ್ರಿಪ್, ಇನ್ನೊಂದು ಸ್ಟ್ರಿಪ್, ಕೊನೆಗೆ ರಬ್ಬರಿಗಿಂತ ಸ್ಟ್ರಿಪ್ಪೇ ಜಾಸ್ತಿ. ಗೀರುಗಳ ನಡುವೆ ಸವೆತ ತೋರಿಸಲು ಇಟ್ಟ ಟಿಡಬ್ಲ್ಯುಐ ಗುಬುಟು ಟೈರಿನ ಮೇಲ್ಮೈಗೆ ಸಮವಾದರೆ ಟೈರಿನ ಆಯಸ್ಸು ತೀರಿತು. ಇನ್ನು ಹೊಸದೆಂದು ಕೊಡುವ ಟೈರಿನ ಪಕ್ಕದಲ್ಲಿ ನಾಲ್ಕು ಅಂಕೆ ಹುಡುಕಿ: 2319 ಎಂದಿದ್ದರೆ ಅದು 2019ರ ಇಪ್ಪತ್ಮೂರನೇ ವಾರ ಹುಟ್ಟಿದ್ದು. ಅಂಗಡಿಯಲ್ಲೇ ಶಾಲೆಗೆ ಸೇರುವ ವಯಸ್ಸು ದಾಟಿರುತ್ತದೆ.

ಇಷ್ಟಾದರೂ ಕೋನ್‌ಸೆಟ್ ಹೋಗುವುದಕ್ಕೆ ಸವಾರ ಹೊಣೆಯಲ್ಲ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಅಳತೆಯಲ್ಲಿ ಹಂಪ್ ಎಂದರೆ 10 ಸೆಂ.ಮೀ. ಎತ್ತರ, 3.7 ಮೀಟರ್ ಅಗಲ, 17 ಮೀಟರ್ ತ್ರಿಜ್ಯದ ನುಣುಪು ಬಾಗು, 25 ಕಿ.ಮೀ. ವೇಗದಲ್ಲಿ ಬೆಣ್ಣೆಯಂತೆ ದಾಟಬೇಕು. ನಮ್ಮ ಬಡಾವಣೆಯ ಹಂಪ್‌ಗಳು ಈ ಅಳತೆಯ ಎತ್ತರವನ್ನು ಉದಾರವಾಗಿ ತೆಗೆದುಕೊಂಡು ಅಗಲವನ್ನು ಕಂಟ್ರಾಕ್ಟರಿಗೆ ಬಿಟ್ಟಿವೆ. ಬಣ್ಣವಿಲ್ಲ, ಬೋರ್ಡಿಲ್ಲ, ರಾತ್ರಿ ಮಲಗಿದ ಎಮ್ಮೆಯ ಹಾಗೆ ಅಡ್ಡ. ನೆಲದಿಂದ ಹದಿನಾರು ಸೆಂ.ಮೀ. ಮೇಲಿರುವ ಸ್ಕೂಟರು ಇಬ್ಬರನ್ನು ಹೊತ್ತು ಬಂದರೆ ಹೊಟ್ಟೆ ಉಜ್ಜುತ್ತದೆ. ಹ್ಯಾಂಡಲ್ ನಡುವಿಗೆ ಬಂದಾಗ ‘ಟಕ್’ ಎಂದು ಗೂಟಕ್ಕೆ ಸಿಕ್ಕಂತೆ ಆದರೆ ಬೇರಿಂಗಿನ ತಟ್ಟೆಗೆ ಗುಂಡುಗಳು ಗುಳಿ ಬೀಳಿಸಿವೆ ಎಂದು ತಿಳಿಯಿರಿ. ಅದಕ್ಕೆ ಬಿಗಿ ಮಾಡಿದರೆ ಪ್ರಯೋಜನವಿಲ್ಲ, ಸೆಟ್ಟೇ ಬದಲಿಸಬೇಕು. ಹೋಂಡಾದವರು ಕೋಲಾರದ ನರಸಾಪುರದಲ್ಲಿ, ಟಿವಿಎಸ್‌ನವರು ಮೈಸೂರಿನಲ್ಲಿ ಕಾರ್ಖಾನೆ ಇಟ್ಟುಕೊಂಡಿದ್ದಾರೆ. ಇಲ್ಲೇ ಹುಟ್ಟಿದ ಗಾಡಿಗೆ ಇಲ್ಲಿನ ರಸ್ತೆ ತವರುಮನೆ ಆಗಬೇಕಿತ್ತು, ಅತ್ತೆಮನೆ ಆಗಿದೆ.

ಹಂಪ್ ಮೇಲೆ ಕ್ಯಾಮೆರಾ ಇಲ್ಲ. ಕ್ಯಾಮೆರಾ ಇರುವ ಕಡೆ ಬಿದ್ದ ದಂಡಕ್ಕೆ 2023ರ ಫೆಬ್ರವರಿಯಲ್ಲಿ ಅರ್ಧ ರಿಯಾಯಿತಿ ಬಂತು, ಆಷಾಢದ ಸೀರೆ ಸೇಲಿನ ಹಾಗೆ ಜನ ಕ್ಯೂ ನಿಂತರು. ಮತ್ತೆ ಬಂತು, ಮತ್ತೆ ನಿಂತರು. ಬ್ರೇಕ್ ಶೂಗೆ ಅರ್ಧ ಬೆಲೆ ಎಂದು ಯಾರೂ ಇಲ್ಲಿಯವರೆಗೆ ಆದೇಶ ಹೊರಡಿಸಿಲ್ಲ.

ವರ್ಷಕ್ಕೊಮ್ಮೆ ಮಾತ್ರ ಇಡೀ ಗಾಡಿಗೆ ಸೇವೆ ನಡೆಯುತ್ತದೆ, ಆಯುಧ ಪೂಜೆಯ ದಿನ. ಬೆಳಿಗ್ಗೆ ಪ್ರೆಷರ್ ಪಂಪಿನ ಅಭಿಷೇಕ. ನೀರು ಫಿಲ್ಟರ್ ಡಬ್ಬಿಗೂ ಡ್ರಮ್ಮಿಗೂ ಹೋಗಿ ಕೂರುತ್ತದೆ. ಇಂಡಿಕೇಟರ್ ಮುಚ್ಚುವಂತೆ ಎರಡೂ ಕಡೆ ಬಾಳೆಕಂದು, ಬ್ರೇಕ್ ಲಿವರಿಗೆ ಸುತ್ತಿ ಬರುವಂತೆ ಸೇವಂತಿಗೆ ಹಾರ. ಎಚ್‌ಎಸ್‌ಆರ್‌ಪಿ ಮೇಲೆ ಮೂರು ಬೆರಳ ವಿಭೂತಿ, ನಡುವೆ ಕುಂಕುಮ. ಅಶೋಕ ಚಕ್ರ, ಲೇಸರ್ ಸಂಖ್ಯೆ ಎಲ್ಲ ಅದರಡಿ. ಆ ಒಂದು ದಿನ ಉತ್ಸವ ಮೂರ್ತಿಯೂ ಕ್ಯಾಮೆರಾಗೆ ಕಾಣುವುದಿಲ್ಲ. ಕುಂಬಳಕಾಯಿ ಒಡೆದು, ಎರಡೂ ಚಕ್ರದಡಿ ನಿಂಬೆಹಣ್ಣಿಟ್ಟು, ಮನೆಯವರೆಲ್ಲ ನಿಂತು ನೋಡುವಾಗ ಯಜಮಾನರು ಗಾಡಿ ಮುಂದಕ್ಕೆ ತಳ್ಳುತ್ತಾರೆ. ಮುಂದಿನದು ಪಚಕ್ ಎಂದು ಒಡೆಯುತ್ತದೆ. ಹಿಂದಿನದು ಒಡೆಯುವುದಿಲ್ಲ. ಗಾಳಿ ಕಮ್ಮಿಯಾದ ಟೈರು ಅದನ್ನು ಮೆತ್ತಗೆ ತಬ್ಬಿಕೊಂಡು ನಿಂತುಬಿಡುತ್ತದೆ. "ಇನ್ನೊಂದ್ಸಲ ಜೋರಾಗಿ ತಳ್ರೀ," ಎನ್ನುತ್ತಾರೆ ಯಜಮಾನಿ.