ಅಭಿಮಾನಿಗಳ ಒತ್ತಾಯದ ಮೇರೆಗೆ, ಮತ್ತೊಮ್ಮೆ ಕೊನೆಯ ಸಲ

ನಮ್ಮೂರ ಜಾತ್ರೆಗೆ ನಾಟಕ ಕಂಪನಿ ಬಂದರೆ ಆಟೋಗೆ ಮೈಕು ಕಟ್ಟಿ ಕೂಗುತ್ತಿದ್ದರು: ‘ಇಂದೇ ಕಟ್ಟಕಡೆಯ ಪ್ರಯೋಗ! ಮರೆಯದಿರಿ, ಮರೆತು ನಿರಾಶರಾಗದಿರಿ!’ ಮರುದಿನ ಅದೇ ಆಟೋ, ಅದೇ ಗಂಟಲು: ‘ಅಭಿಮಾನಿಗಳ ಒತ್ತಾಯದ ಮೇರೆಗೆ ಇನ್ನೊಂದೇ ದಿನ!’ ಒತ್ತಾಯ ಮಾಡಿದವರು ಯಾರೆಂದು ಊರಿನಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಆದರೂ ಟೆಂಟು ತುಂಬುತ್ತಿತ್ತು.

ಇಂಗ್ಲೆಂಡ್, ಅಮೆರಿಕದ ರಾಕ್ ಬ್ಯಾಂಡುಗಳು ಈ ವಿದ್ಯೆಯನ್ನು ಎಲ್ಲಿ ಕಲಿತವೋ ಕಾಣೆ, ಗುರುವನ್ನಂತೂ ಮೀರಿಸಿವೆ. ‘ದಿ ಹೂ’ ಎಂಬ ಬ್ಯಾಂಡು 1982ರಲ್ಲಿ ಊರೂರು ಸುತ್ತಿ ಹಾಡಿ ವಿದಾಯದ ಯಾತ್ರೆ ಮಾಡಿತು. 1989ರಲ್ಲಿ ಮತ್ತೆ ಯಾತ್ರೆ ಹೊರಟಿತು. 2025ರಲ್ಲಿ ಅಮೆರಿಕಕ್ಕೆ ಹೋಗಿ ಇನ್ನೊಂದು ವಿದಾಯ ಹೇಳಿ ಬಂತು. ಈಗಲ್ಸ್‌ನವರು ಪ್ರಾಮಾಣಿಕರು, ತಮ್ಮ ಬೀಳ್ಕೊಡುಗೆಗೆ ‘ಫೇರ್‌ವೆಲ್ ಒನ್’ ಎಂದು ನಂಬರು ಹಾಕಿಯೇ ಹೆಸರಿಟ್ಟರು. 2023ರಲ್ಲಿ ಅವರು ಮತ್ತೆ ಹೊರಟ ವಿದಾಯದ ಹೆಸರು ‘ದಿ ಲಾಂಗ್ ಗುಡ್‌ಬೈ’. ಗೇಟಿನ ಹತ್ತಿರ ಚಪ್ಪಲಿ ಮೆಟ್ಟಿಕೊಂಡು ಮುಕ್ಕಾಲು ಗಂಟೆ ಮಾತಾಡುವ ನೆಂಟರ ಪೈಕಿ ಇವರು.

ನಮ್ಮಲ್ಲಿ ಹೊರಟವರು ‘ಹೋಗ್ತೀನಿ’ ಅನ್ನುವುದಿಲ್ಲ, ‘ಬರ್ತೀನಿ’ ಅನ್ನುತ್ತಾರೆ. ಈ ಒಂದು ಕನ್ನಡ ಕ್ರಿಯಾಪದ ಕಲಿತಿದ್ದರೆ ಆ ಬ್ಯಾಂಡುಗಳ ಮಾತು ಒಂದೂ ಸುಳ್ಳಾಗುತ್ತಿರಲಿಲ್ಲ.

ಇದರಲ್ಲಿ ಮಾಟ್ಲಿ ಕ್ರೂ ತಂಡದ್ದು ದಾಖಲೆ. ಯಾರೂ ನಂಬುವುದಿಲ್ಲವೆಂದು 2014ರಲ್ಲಿ ವಕೀಲರ ಸಮಕ್ಷಮ ಪತ್ರಿಕಾಗೋಷ್ಠಿ ಕರೆದು, ಇನ್ನು ಯಾತ್ರೆ ಮಾಡುವುದಿಲ್ಲವೆಂದು ಕರಾರುಪತ್ರಕ್ಕೆ ನಾಲ್ವರೂ ಸಹಿ ಹಾಕಿದರು. 2015ರ ಡಿಸೆಂಬರ್ 31ರಂದು ಲಾಸ್ ಏಂಜಲೀಸ್‌ನಲ್ಲಿ ಕೊನೆಯ ಕಾರ್ಯಕ್ರಮವೂ ಆಯಿತು. 2019ರಲ್ಲಿ ಅದೇ ಕರಾರುಪತ್ರವನ್ನು ಸಿಡಿಮದ್ದಿಟ್ಟು ಉಡಾಯಿಸುವ ವಿಡಿಯೊ ಬಿಟ್ಟು ಮತ್ತೆ ಹೊರಟರು. ನಮ್ಮ ಪಕ್ಷಗಳು ಪ್ರಣಾಳಿಕೆಯನ್ನು ಮರೆತು ಸುಮ್ಮನಾಗುತ್ತವೆ, ಪಾಪ. ಪಟಾಕಿ ಹಚ್ಚಿ ಸಂಭ್ರಮಿಸುವ ಧೈರ್ಯ ಇನ್ನೂ ಬಂದಿಲ್ಲ.

ಇಷ್ಟು ಸಲ ಬೀಳ್ಕೊಟ್ಟರೂ ಟಿಕೆಟ್ ಖರ್ಚಾಗುವುದು ಹೇಗೆ? ಅದು ‘ಕ್ಲಾಸಿಕ್’ ಎಂಬ ಮುದ್ರೆಯ ಮಹಿಮೆ. ಮುದ್ರೆ ಒತ್ತಲು ಕಚೇರಿಯೇ ಇದೆ: ಕ್ಲೀವ್‌ಲ್ಯಾಂಡ್‌ನಲ್ಲಿ ಮ್ಯೂಸಿಯಂ ಇಟ್ಟುಕೊಂಡಿರುವ ರಾಕ್ ಆಂಡ್ ರೋಲ್ ಹಾಲ್ ಆಫ್ ಫೇಮ್. ಮೊದಲ ರೆಕಾರ್ಡು ಹೊರಬಂದು 25 ವರ್ಷ ತುಂಬಿದರೆ ಅರ್ಹತೆ, ಥೇಟ್ ಸೇವಾವಧಿ ಲೆಕ್ಕ. ಹಳಬರನ್ನೆಲ್ಲ ಮನೆಗೆ ಕಳಿಸುತ್ತಾರೆಂದು 1991ರಲ್ಲಿ ಹುಡುಗರು ಕುಣಿದಾಡಿದ ನಿರ್ವಾಣ ತಂಡಕ್ಕೂ ಅವಧಿ ತುಂಬಿದೊಡನೆ, 2014ರಲ್ಲಿ, ಶಾಲು ಹೊದಿಸಿಯಾಯಿತು. ಸೆಕ್ಸ್ ಪಿಸ್ಟಲ್ಸ್‌ನವರು ಮಾತ್ರ 2006ರಲ್ಲಿ ‘ನಿಮ್ಮ ಗೌರವ ಬೇಡ’ ಎಂದು ಕೈಬರಹದಲ್ಲೇ ಬೈದು ಕಳಿಸಿದರು. ಕಚೇರಿ ಹೆಸರು ಸೇರಿಸಿಯೇ ಬಿಟ್ಟಿತು. ಬೇಡವೆಂದರೂ ಪಿಂಚಣಿ ಮಂಜೂರು!

ನಮ್ಮ ಭಾವನಿಗೆ ಈ 25ರ ನಿಯಮ ಒಪ್ಪಿಗೆಯಿಲ್ಲ. ಬೆಂಗಳೂರಿನಲ್ಲಿ ಬ್ಯಾಂಕ್ ಕೆಲಸದಿಂದ ನಿವೃತ್ತರು; 2003ರಲ್ಲಿ ಅರಮನೆ ಮೈದಾನಕ್ಕೆ ರೋಲಿಂಗ್ ಸ್ಟೋನ್ಸ್ ಬಂದಾಗ ನೋಡಿದವರು, ಅದನ್ನು ಮದುವೆ ಮನೆಗಳಲ್ಲಿ ಈಗಲೂ ನೋಡುತ್ತಿರುವವರು.

“ನೋಡಯ್ಯಾ, 1979 ಆದ್ಮೇಲೆ ಮ್ಯೂಸಿಕ್ಕೇ ಇಲ್ಲ” ಅನ್ನುತ್ತಾರೆ.

ಅವರು ಪಿಯುಸಿ ಪಾಸಾದದ್ದು 1979ರಲ್ಲಿ. ಅವರ ಮಗನ ಪ್ರಕಾರ ಸಂಗೀತ ಸತ್ತದ್ದು 2004ರಲ್ಲಿ. ಅವನ ಪಿಯುಸಿ ಆ ವರ್ಷ. ನಾನು ಪರಿಚಯದವರನ್ನೆಲ್ಲ ಕೇಳಿ ನೋಡಿದ್ದೇನೆ. ಸಂಗೀತ ಸತ್ತ ಇಸವಿ ಹೇಳಿದರೆ ಸಾಕು, ಮಾರ್ಕ್ಸ್ ಕಾರ್ಡಿನ ತಾರೀಖು ತಾನಾಗಿ ಸಿಗುತ್ತದೆ. (ಫೇಲಾದವರಿಗೆ ಒಂದು ವರ್ಷ ಹೆಚ್ಚಿಗೆ ಸಂಗೀತ.) ಮಗ ಮೆಚ್ಚುವ ಲಿಂಕಿನ್ ಪಾರ್ಕ್ ತಂಡದ ‘ಹೈಬ್ರಿಡ್ ಥಿಯರಿ’ ಆಲ್ಬಮ್ಮಿಗೂ 2025ಕ್ಕೆ 25 ತುಂಬಿತೆಂದು ಹೇಳಿದೆ. “ಅದು ಡಬ್ಬಾ ಬಡಿಯೋದು” ಎಂದರು ಭಾವ. ಅವರ ಅಪ್ಪ ಆಗ ಭಾವನ ಡೀಪ್ ಪರ್ಪಲ್ ತಂಡಕ್ಕೆ ಕೊಟ್ಟ ವಿಮರ್ಶೆಯೇ ಅದು, ಅಕ್ಷರ ಬದಲಾಗಿಲ್ಲ.

ಈಗ ಹಾಡುಗಾರರೂ ಬೇಕಾಗಿಲ್ಲ. ಸ್ವೀಡನ್ನಿನ ‘ಅಬ್ಬಾ’ ತಂಡ (ನಮಗೆ ಹೆಸರೇ ಉದ್ಗಾರ) ನಾಲ್ವರನ್ನೂ ಐದು ವಾರ 160 ಕ್ಯಾಮೆರಾಗಳ ಮುಂದೆ ಕುಣಿಸಿ, ಅದರಿಂದ ಡಿಜಿಟಲ್ ಬೊಂಬೆಗಳನ್ನು ಮಾಡಿಸಿತು. 2022ರಿಂದ ಲಂಡನ್ನಿನಲ್ಲಿ ಬೊಂಬೆಗಳೇ ಹಾಡುತ್ತಿವೆ. ಕಿಸ್ ತಂಡ 2023ರ ಡಿಸೆಂಬರ್ 2ರಂದು ನ್ಯೂಯಾರ್ಕ್‌ನಲ್ಲಿ ಕೊನೆಯ ಹಾಡು ಮುಗಿಸಿದ್ದೇ ತಡ, ಅದೇ ವೇದಿಕೆಯ ಪರದೆಯಲ್ಲಿ ಅವರ ಬೊಂಬೆಗಳು ಹಾಜರು. ಇವುಗಳಿಗೆ ಅಲ್ಲಿನವರು ಕರೆಯುವುದು ‘ಅವತಾರ’ ಎಂದೇ. ನಮ್ಮ ದೇವರು ಹತ್ತಕ್ಕೆ ನಿಲ್ಲಿಸಿದ್ದ.

ಅಬ್ಬಾದವರ ಅವತಾರಗಳಿಗೆ ಕೊಟ್ಟಿರುವ ರೂಪ 1979ರದ್ದು. ಇದನ್ನು ಭಾವನಿಗೆ ಹೇಳಿದ್ದೇ ನನ್ನ ತಪ್ಪು. ಮರುದಿನ ಬೆಳಿಗ್ಗೆಯೇ ಫೋನು: “ಲಂಡನ್ ಟಿಕೆಟ್ ಎಷ್ಟಾಗುತ್ತೆ ನೋಡಯ್ಯಾ.”

“ಅಲ್ಲ ಭಾವ, ಅವರ‍್ಯಾರೂ ಬರೋದೇ ಇಲ್ವಲ್ಲ?”

“ಬರದೇ ಇರೋದೇ ಒಳ್ಳೇದು ಕಣಯ್ಯಾ. ಬಂದ್ರೆ ವಯಸ್ಸಾಗಿರ್ತಾರೆ.”