ಐಐಟಿ ಸೀಟಿಗೆ ಎಸ್‌ಎಸ್‌ಎಲ್‌ಸಿ ಅಂಕ ಲೆಕ್ಕಕ್ಕಿಲ್ಲ

‘ಎಸ್‌ಎಸ್‌ಎಲ್‌ಸಿಯಲ್ಲಿ ಶೇ 95 ಬಾರದಿದ್ದರೆ ಐಐಟಿ ಆಸೆ ಬಿಟ್ಟುಬಿಡಿ’ ಎಂಬ ಸಂದೇಶ ಪೋಷಕರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. ಇದು ಸುಳ್ಳು. ಹತ್ತನೇ ತರಗತಿಯ ಮಕ್ಕಳ ಧೈರ್ಯ ಕುಗ್ಗಿಸುವ ಸುಳ್ಳು, ದಯವಿಟ್ಟು ಮುಂದೆ ಕಳಿಸಬೇಡಿ.

ಐಐಟಿಗಳಲ್ಲಿ ಬಿ.ಟೆಕ್ ಸೀಟು ಹಂಚುವುದು ಅವುಗಳ ಪ್ರವೇಶ ಪರೀಕ್ಷೆಯಾದ ಜೆಇಇ ಅಡ್ವಾನ್ಸ್‌ಡ್ ರ್‍ಯಾಂಕ್ ನೋಡಿ. ಪಿಯುಸಿ ಅಂಕ ಅರ್ಹತೆಗೆ ಮಾತ್ರ ಬೇಕು: ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಒಂದು ಭಾಷೆ, ಇನ್ನೊಂದು ವಿಷಯ ಸೇರಿ ಶೇ 75, ಅಂದರೆ 500ಕ್ಕೆ 375. ಪರಿಶಿಷ್ಟ ಜಾತಿ, ಪಂಗಡದವರಿಗೆ ಮತ್ತು ಅಂಗವಿಕಲರಿಗೆ ಶೇ 65 ಸಾಕು. ಅಷ್ಟು ಬರದಿದ್ದರೂ ತಮ್ಮ ಬೋರ್ಡಿನ ಮೊದಲ 20 ಪರ್ಸೆಂಟೈಲ್ ಒಳಗಿದ್ದರೆ, ಅಂದರೆ ಅಂಕದಲ್ಲಿ ಮುಂದಿರುವ ಶೇ 20 ಮಂದಿಯಲ್ಲಿದ್ದರೆ, ಅರ್ಹರೇ. 376 ಬಂದವರಿಗೂ 490 ಬಂದವರಿಗೂ ಅಲ್ಲಿಂದಾಚೆ ವ್ಯತ್ಯಾಸವಿಲ್ಲ. ಗೊಂದಲ ಹುಟ್ಟಿದ್ದು ಬಹುಶಃ ನಮ್ಮ ಸಿಇಟಿಯಿಂದ. ಅಲ್ಲಿ ಎಂಜಿನಿಯರಿಂಗ್ ರ್‍ಯಾಂಕಿಗೆ ಪಿಯುಸಿ ಅಂಕದ ಅರ್ಧ ಪಾಲು ಸೇರುತ್ತದೆ. ಎಸ್‌ಎಸ್‌ಎಲ್‌ಸಿ ಅಂಕ ಅಲ್ಲೂ ಸೇರುವುದಿಲ್ಲ.

ಪೈಪೋಟಿ ಕಠಿಣ ಎಂಬುದಂತೂ ನಿಜ. 2024ರಲ್ಲಿ ಸುಮಾರು 1.80 ಲಕ್ಷ ಮಂದಿ ಅಡ್ವಾನ್ಸ್‌ಡ್ ಬರೆದರು, ಇದ್ದ ಸೀಟು 17,740. ಕನ್ನಡ ಮಾಧ್ಯಮದವರು ಒಂದು ವಿಷಯ ಈಗಲೇ ಗಮನಿಸಲಿ: ಅಡ್ವಾನ್ಸ್‌ಡ್‌ಗೆ ಮೊದಲು ದಾಟಬೇಕಾದ ಜೆಇಇ ಮೇನ್ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಬಹುದು, ಅಡ್ವಾನ್ಸ್‌ಡ್ ಪ್ರಶ್ನೆಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಷ್ಟೇ ಇರುತ್ತದೆ.