ಬಾವಿಕಟ್ಟೆಯ ಹೆಂಗಸರು

ಜಪಾನ್ ಮುಂದುವರಿದ ಕಥೆ ಅಂದ್ರೆ ನಮಗೆ ರೈಲು, ಕಾರ್ಖಾನೆ, ಶಿಸ್ತು. ನನ್ನನ್ನು ಕಾಡುವುದು ಮಾತ್ರ ಉವೋಜು ಎಂಬ ಮೀನುಗಾರರ ಊರಿನ ಹೆಂಗಸರು.

1918ರ ಜುಲೈ. ತೊಯಾಮಾ ಸೀಮೆಯ ಕಡಲ ದಂಡೆ. ಗಂಡಸರು ಮೀನು ಹಿಡಿಯಲು ದೂರದ ಉತ್ತರಕ್ಕೆ ಹೋಗಿದ್ದರು. ಹೆಂಗಸರು ಬಂದರಿನಲ್ಲಿ ಅಕ್ಕಿ ಮೂಟೆ ಹೊರುತ್ತಿದ್ದರು. ಒಂದೊಂದು ಮೂಟೆ ಸುಮಾರು 60 ಕೆಜಿ. ಬೆನ್ನ ಮೇಲೆ ಹೇರಿಕೊಂಡು ಗೋದಾಮಿನಿಂದ ದೋಣಿಗೆ, ದೋಣಿಯಿಂದ ಹಡಗಿಗೆ. ಇಷ್ಟು ಅಕ್ಕಿ ಹೊತ್ತವಳಿಗೆ ಸಂಜೆ ಮಕ್ಕಳಿಗೆ ಗಂಜಿ ಮಾಡುವಷ್ಟು ಅಕ್ಕಿ ಕೊಳ್ಳಲು ಕೂಲಿ ಸಾಲುತ್ತಿರಲಿಲ್ಲ. ರಷ್ಯಾದ ಸೈಬೀರಿಯಾಕ್ಕೆ ಜಪಾನಿನ ಸೈನ್ಯ ಹೋಗುತ್ತದೆ ಅನ್ನುವ ಸುದ್ದಿ ಹಬ್ಬಿ, ಸೈನ್ಯಕ್ಕೆ ಅಕ್ಕಿ ಬೇಕಾಗುತ್ತದೆ ಅಂತ ವರ್ತಕರು ದಾಸ್ತಾನು ಮಾಡಿ, ಬೆಲೆ ದುಪ್ಪಟ್ಟಾಗಿತ್ತು.

ಆಗ ಹೆಂಗಸರು ರಾಜಕೀಯ ಸಭೆಗೆ ಹೋಗುವುದೇ ಕಾನೂನಿನ ಪ್ರಕಾರ ತಪ್ಪು. 1922ರವರೆಗೂ ಹಾಗೇ ಇತ್ತು. ಆದ್ರೆ ಬಾವಿಕಟ್ಟೆಯಲ್ಲಿ ನೀರು ಸೇದುತ್ತಾ ಮಾತಾಡುವುದನ್ನು ಯಾರು ತಡೆಯುತ್ತಾರೆ? ಅಲ್ಲೇ ಮಾತಾಡಿಕೊಂಡು ಹೊರಟರು. ಜುಲೈ 23ರಂದು ದಂಡೆಯಲ್ಲಿ ಗುಂಪುಗೂಡಿ, ನಮ್ಮೂರ ಅಕ್ಕಿ ಹೊರಗೆ ಹೋಗಬಾರದು ಅಂತ ಅಡ್ಡ ನಿಂತರು. ಹಡಗು ಅಕ್ಕಿ ತುಂಬಿಕೊಳ್ಳದೆ ಹೋಯಿತು.

ಅಕ್ಕಪಕ್ಕದ ಊರುಗಳಿಗೂ ಕಿಚ್ಚು ಹಬ್ಬಿತು. ಪತ್ರಿಕೆಗಳಲ್ಲಿ ಸುದ್ದಿ ಬಂದಿದ್ದೇ ತಡ, ಆಗಸ್ಟ್‌ನಲ್ಲಿ ಕ್ಯೋಟೋ, ನಗೋಯಾ, ಓಸಾಕಾ, ಟೋಕಿಯೋ ಎಲ್ಲ ಕಡೆ ಜನ ಬೀದಿಗಿಳಿದರು. ಕೋಬೆಯಲ್ಲಿ ಸುಜುಕಿ ಶೋಟೆನ್ ಎಂಬ ದೊಡ್ಡ ವ್ಯಾಪಾರಿ ಸಂಸ್ಥೆಯ ಕಚೇರಿಗೇ ಬೆಂಕಿ ಬಿತ್ತು. ಸರ್ಕಾರ ಸೈನ್ಯ ಇಳಿಸಿತು, ಸಾವಿರಾರು ಜನರನ್ನು ಹಿಡಿಯಿತು. ಆದರೂ ಸೆಪ್ಟೆಂಬರ್‌ನಲ್ಲಿ ಪ್ರಧಾನಿ ತೆರವುಚಿ ರಾಜೀನಾಮೆ ಕೊಡಬೇಕಾಯಿತು. ಅವರ ಜಾಗಕ್ಕೆ ಬಂದವರು ಹರಾ ತಕಾಶಿ. ಸಂಸತ್ತಿನ ಕೆಳಮನೆಯಿಂದ, ಯಾವ ಕುಲೀನ ಬಿರುದೂ ಇಲ್ಲದೆ ಪ್ರಧಾನಿಯಾದ ಮೊದಲಿಗರು.

ಇದು ಬರೀ ಹೊಟ್ಟೆಪಾಡಿನ ಗಲಾಟೆ, ರಾಜಕೀಯ ಅಲ್ಲ ಅಂತ ಕೆಲವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಊರಿನ ಅಕ್ಕಿ ಮೊದಲು ಯಾರಿಗೆ ಸೇರಬೇಕು ಅಂತ ಕೇಳುವುದು ರಾಜಕೀಯ ಅಲ್ಲದೆ ಇನ್ನೇನು? ಕಾರ್ಖಾನೆ, ಹಡಗುಗಳನ್ನು ಮೇಲಿನವರು ಕಟ್ಟಿಸಿರಬಹುದು. ಸರ್ಕಾರ ಜನರಿಗೆ ಉತ್ತರ ಕೊಡಬೇಕು ಅನ್ನುವುದನ್ನು ಕಲಿಸಿದ್ದು ಇಂಥವರೇ.

1925ರಲ್ಲಿ 25 ವರ್ಷ ದಾಟಿದ ಗಂಡಸರಿಗೆಲ್ಲ ವೋಟು ಸಿಕ್ಕಿತು. ಹೆಂಗಸರಿಗೆ ಸಿಗಲಿಲ್ಲ. ಅವರು ಮೊದಲ ಸಲ ಸಂಸತ್ತಿಗೆ ಮತ ಹಾಕಿದ್ದು 1946ರ ಏಪ್ರಿಲ್ 10ರಂದು. ಉವೋಜು ದಂಡೆಯಲ್ಲಿ ಅಡ್ಡ ನಿಂತಾಗ 30 ವರ್ಷ ಆಗಿದ್ದವಳಿಗೆ ಅವತ್ತು 58.